ಸಂಕವ್ವನ ಮನೆ ಕತ್ತರಿ ಓಣಿ ಬಿಟ್ಟದ್ದು

ನಮ್ಮೂರಿನಲ್ಲಿ ಯಾರದಾದರೂ ಮನೆ ಎಲ್ಲಿದೆ ಎಂದು ತಿಳಿಯಬೇಕಾದರೆ ಅವರು ಏನು ಕೆಲಸ ಮಾಡುತ್ತಾರೆ ಎಂದು ಕೇಳಬೇಕು. ಮನೆಯ ಕೀಲಿಕೈ ಯಾರ ಸೊಂಟದಲ್ಲಿದೆಯೋ ಅವರ ಕೆಲಸದ ಓಣಿಯಲ್ಲಿ ಮನೆ ನಿಂತಿರುತ್ತದೆ. ಅವರು ಕೆಲಸ ಬಿಟ್ಟರೆ, ಅಥವಾ ಕೆಲಸವೇ ಅವರನ್ನು ಬಿಟ್ಟರೆ, ಮನೆ ಹೊರಡುತ್ತದೆ. ಬಸ್ಸು ತಿರುವಿನಲ್ಲಿ ತಿರುಗಿದಾಗ ಆಗುವಷ್ಟು ಕುಲುಕಾಟ, ಅಷ್ಟೆ. ಒಲೆಯ ಮೇಲಿನ ಹಾಲು ಚೆಲ್ಲುತ್ತದೆ, ಗೂಟಕ್ಕೆ ಹಾಕಿದ ಅಂಗಿ ಕೆಳಗೆ ಬೀಳುತ್ತದೆ, ಬಾಗಿಲು ತೆಗೆದು ನೋಡಿದರೆ ಎದುರಿಗೆ ಬೇರೆ ಜನ. ಕೆಲಸ ಇಲ್ಲದವರ ಮನೆಗಳು ರೈಲ್ವೆ ಗೇಟಿನಾಚೆಯ ಬಯಲಿನಲ್ಲಿ, ಒಂದು ಅತ್ತ ಒಂದು ಇತ್ತ ಮುಖಮಾಡಿ ನಿಂತಿರುತ್ತವೆ. ಹಾಲಿನವರು, ಸಿಲಿಂಡರ್ ತರುವವರು ಎಲ್ಲರೂ ಇದಕ್ಕೆ ಹೊಂದಿಕೊಂಡಿದ್ದಾರೆ. ಲೈನ್‌ಮನ್‌ಗಳ ಹೆಗಲ ಮೇಲೆ ಯಾವಾಗಲೂ ಒಂದು ಸುರುಳಿ ತಂತಿ ಇರುತ್ತದೆ. ಹೆಣ್ಣು ನೋಡಲು ಬರುವವರು ಮಾತ್ರ ಹೊರಡುವ ಮೊದಲು ಫೋನ್ ಮಾಡಿ, ಮನೆ ಅಲ್ಲೇ ಇದೆಯಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ.

ನನ್ನ ಹೆಸರು ಹುಸೇನಬಿ. ಕತ್ತರಿಗೆ ಪಾಲಿಶ್ ಕೊಡುವುದು ನನ್ನ ಕೆಲಸ. ನಮ್ಮೆಜಮಾನರು ಲಾರಿಯ ಮೇಲೆ ಇರುವವರು, ಮನೆಗೆ ಬರುವುದು ಅಪರೂಪ, ಹಾಗಾಗಿ ಕೀಲಿಕೈ ಮೊದಲಿನಿಂದಲೂ ನನ್ನ ಹತ್ತಿರ. ಕತ್ತರಿ ಓಣಿಯಲ್ಲಿ ನನ್ನ ಮನೆಗೂ ಸಂಕವ್ವನ ಮನೆಗೂ ನಡುವೆ ಒಂದೇ ಗೋಡೆ. ನಾನು ಆ ಗೋಡೆಗೆ ಬಡಿದರೆ ಆಕೆ ಬರುತ್ತಿದ್ದಳು, ಆಕೆ ಬಡಿದರೆ ನಾನು ಹೋಗುತ್ತಿದ್ದೆ. ಅದು ಯಾರ ಗೋಡೆ ಎಂದು ಇಬ್ಬರೂ ಯಾವತ್ತೂ ಕೇಳಿಕೊಂಡಿರಲಿಲ್ಲ.

ಸಂಕವ್ವ ಹಳೇ ಕಾರ್ಖಾನೆಯಲ್ಲಿ ಅಲಗು ಕೂಡಿಸುವವಳು. ಸಾಣೆ ಹಿಡಿದ ಎರಡು ಅಲಗುಗಳನ್ನು ರಿವಿಟ್ಟು ಹೊಡೆದು ಜೋಡಿಸಿ, ಸಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ, ತೆರೆದು ಮುಚ್ಚಿ ನೋಡುತ್ತಿದ್ದಳು. ಆಕೆಯ ಗಂಡ ರಾಚಪ್ಪ ಖಾನಾವಳಿಗಳಲ್ಲಿ ಅಡುಗೆ ಮಾಡುತ್ತಿದ್ದ. ಕೈರುಚಿ ಚೆನ್ನಾಗಿತ್ತು, ಆದರೆ ಬಾಯಿ ಅದಕ್ಕಿಂತ ಜೋರು. ಯಾವ ಮಾಲೀಕನ ಜೊತೆಗೂ ಒಂದು ವರ್ಷ ಬಾಳಿದವನಲ್ಲ. "ಇವರ ಕೈಯಾಗ ಕೀಲಿಕೈ ಕೊಟ್ಟರ ನಮ್ಮ ಮನಿ ಬುಗರಿ ಆಗತೈತಿ ನೋಡು" ಎಂದು ಸಂಕವ್ವ ನಗುತ್ತಿದ್ದಳು. ಅವನೂ ನಗುತ್ತಿದ್ದ. ಅವರಿಗೆ ಒಬ್ಬಳೇ ಮಗಳು, ಚಂಪಾ. ಅರ್ಧ ದಿನ ನನ್ನ ಮನೆಯಲ್ಲೇ ಬೆಳೆದವಳು, ಚಿಕ್ಕಮ್ಮನನ್ನು ಕರೆಯುವ ಹಾಗೆ ನನ್ನನ್ನು ಖಾಲಾ ಎಂದು ಕರೆಯುತ್ತಾಳೆ.

ಓಣಿ ಅಂದಮೇಲೆ ಮನೆಗಳು ಹೋಗುವುದು ಬರುವುದು ಇದ್ದದ್ದೇ. ಒಬ್ಬರಿಗೆ ಕೆಲಸ ಬೇಸರವಾಗುತ್ತದೆ, ಇನ್ನೊಬ್ಬರಿಗೆ ಮೇಸ್ತ್ರಿಯ ಜೊತೆ ಜಗಳವಾಗುತ್ತದೆ. ಹೋದ ಮನೆಯ ಜಾಗದಲ್ಲಿ ವಾರ ಕಳೆಯುವುದರೊಳಗೆ ಇನ್ನೊಂದು ಮನೆ ಬಂದು ನಿಲ್ಲುತ್ತಿತ್ತು. ಹೊಸಬರಿಗೆ ಒಂದು ಬಟ್ಟಲು ಸಕ್ಕರೆ ಕೊಟ್ಟು ಹೆಸರು ಕೇಳಿಕೊಂಡು ಬರುತ್ತಿದ್ದೆವು. ಹಳೇ ಕಾರ್ಖಾನೆಯ ಸಾವ್ಕಾರರ ತಮ್ಮ ಬೇರೆಯಾಗಿ, ಕ್ಷೌರದವರ ಕತ್ತರಿ ಮಾಡಿ ಪರದೇಶಕ್ಕೆ ಕಳಿಸುವ ಹೊಸ ಶೆಡ್ಡು ಹಾಕಿದಾಗ ಅರ್ಧ ಜನ ಅಲ್ಲಿಗೆ ಹೋದೆವು. ನಾನೂ ಹೋದೆ, ಸಂಕವ್ವ ಹಳೆಯದರಲ್ಲೇ ಉಳಿದಳು. ಕತ್ತರಿ ಬಿಟ್ಟು ಕತ್ತರಿಗೇ ಹೋದದ್ದರಿಂದ ಮನೆ ಒಂದಿಷ್ಟೂ ಅಲುಗಲಿಲ್ಲ.

ಪೇಟೆಗೆ ಹೊರದೇಶದ ಕತ್ತರಿ ಬಂದದ್ದು ಒಂದು ದೀಪಾವಳಿಯ ಹೊತ್ತಿಗೆ. ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಹಿಡಿ, ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ. ಹಡಗಿನಲ್ಲಿ ಬರುತ್ತದೆಂದು ಎಲ್ಲರೂ ಅದನ್ನು ಹಡಗಿನ ಕತ್ತರಿ ಎಂದೇ ಕರೆದರು. ಸಂಕವ್ವ ಒಂದನ್ನು ಕೊಂಡು ತಂದಳು. ನನ್ನ ಮನೆಯ ಕಟ್ಟೆಯ ಮೇಲೆ ಕುಳಿತು ಮೊದಲು ಕಾಗದ, ಆಮೇಲೆ ಹಳೇ ಲುಂಗಿ, ಆಮೇಲೆ ಒದ್ದೆ ಬಟ್ಟೆ ಕತ್ತರಿಸಿ ನೋಡಿದಳು.

"ಹ್ಯಾಂಗೈತಿ?" ಎಂದೆ.

"ಚಲೋನ ಐತಿ" ಎಂದಳು. "ಕೆಟ್ಟದ್ದಿದ್ದರ ನಾ ಹೆದರತಿರಲಿಲ್ಲ."

"ನಮ್ಮದರಷ್ಟು ಬಾಳಿಕಿ ಬರತೈತೇನು ಅದು?"

"ಬರೂದಿಲ್ಲ. ಆದರ ಹೋದರ ಇನ್ನೊಂದು ತರತಾರ, ಹುಸೇನಿ. ಅಷ್ಟು ಸೋವಿ ಐತಿ."

ಮೊದಲು ಹೋದದ್ದು ಸಾಣೆ ಹಿಡಿಯುವ ಫಕೀರಪ್ಪನ ಮನೆ. ಆ ಜಾಗಕ್ಕೆ ಇನ್ನೊಂದು ಮನೆ ಬರುತ್ತದೆಂದು ನಾವು ದಾರಿ ನೋಡಿದೆವು. ಬರಲಿಲ್ಲ. ಅಲ್ಲಿ ಹುಡುಗರು ಕ್ರಿಕೆಟ್ ಆಡತೊಡಗಿದರು. ಮುಂದಿನ ಮಳೆಗಾಲದ ಹೊತ್ತಿಗೆ ಓಣಿ ಹಲ್ಲು ಬಿದ್ದ ಬಾಯಿಯ ಹಾಗಾಗಿತ್ತು. ಹೋಗುವವರು ಮೊದಲೂ ಹೋಗುತ್ತಿದ್ದರು. ಬರುವವರು ನಿಂತುಹೋಗಿದ್ದರು. ಹಾಗಂತ ಓಣಿಗೆ ಯಾರೂ ಬರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಹಳೇ ಕಾರ್ಖಾನೆಯವರ ಮನೆಗಳು ಹೋಗುತ್ತಿದ್ದಾಗಲೇ ಹೊಸ ಶೆಡ್ಡಿಗೆ ಯಂತ್ರ ನೋಡಿಕೊಳ್ಳುವ ಹುಡುಗರು ಒಬ್ಬೊಬ್ಬರಾಗಿ ಸೇರುತ್ತಿದ್ದರು. ಅವರ ಮನೆಗಳು ಓಣಿಯ ಆ ತುದಿಯಲ್ಲಿ ಬಂದು ನಿಲ್ಲುತ್ತಿದ್ದವು. ಒಂದೇ ಓಣಿಯಲ್ಲಿ ಈ ತುದಿಗೆ ಅಳು, ಆ ತುದಿಗೆ ಹಾಲುಕ್ಕಿಸುವ ಸಂಭ್ರಮ. ಯಾರ ಮನೆಗೆ ಮೊದಲು ಹೋಗಬೇಕೋ ತಿಳಿಯುತ್ತಿರಲಿಲ್ಲ.

ಹಳೇ ಕಾರ್ಖಾನೆಯವರು ಅಲಗು ಕೂಡಿಸುವ ವಿಭಾಗವನ್ನೇ ಮುಚ್ಚಿದ ದಿನ ನಾನು ಶೆಡ್ಡಿನಲ್ಲಿದ್ದೆ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದು ಬಾಗಿಲು ತೆಗೆದರೆ ಒಳಗೆಲ್ಲ ಬಿಸಿಲು. ಪಾತ್ರೆಯ ಸ್ಟ್ಯಾಂಡಿನ ಆಚೆ ಖಾಲಿ ಜಾಗ ಕಾಣುತ್ತಿತ್ತು, ಅದರಾಚೆ ಹುಣಸೆ ಮರ. ಗೋಡೆ ಸಂಕವ್ವನದೇ ಆಗಿತ್ತೆಂದು ಗೊತ್ತಾದದ್ದು ಆಗ. ಹಾಸಿಗೆಯ ಮೇಲೆ ಒಂದು ಬೀದಿ ಮೇಕೆ ನಿಂತಿತ್ತು. ಅದನ್ನು ಓಡಿಸಿ, ತಾಡಪಾಲು ಕಟ್ಟಿ, ಊಟ ಮಾಡದೆಯೇ ರೈಲ್ವೆ ಗೇಟಿನಾಚೆಯ ಬಯಲಿಗೆ ಹೋದೆ.

ರಾಚಪ್ಪ ಮನೆಯ ಜೊತೆಗೇ ಹೋಗಿದ್ದ. ಮೆಣಸಿನಕಾಯಿ ಹುರಿಯುತ್ತ ಒಳಗಿದ್ದನಂತೆ. ಬಾಗಿಲಲ್ಲಿ ನಿಂತು ಕೆಮ್ಮುತ್ತ, "ಬರ್ರಿ ಹುಸೇನಮ್ಮ, ನಮ್ಮ ಹೊಸಾ ಊರು ನೋಡಬರ್ರಿ" ಎಂದ. ಸಂಕವ್ವ ಇನ್ನೂ ಬಂದಿರಲಿಲ್ಲ. ಕಾರ್ಖಾನೆಯ ಗೇಟಿನಿಂದ ಅಭ್ಯಾಸದ ಮೇಲೆ ಓಣಿಗೇ ಹೋಗಿ, ಖಾಲಿ ಜಾಗ ನೋಡಿ, ಅಲ್ಲಿಂದ ನಡೆದುಕೊಂಡು ಬಂದಳು. ಮುಖದಲ್ಲಿ ಏನೂ ಇರಲಿಲ್ಲ. ನಮ್ಮಿಬ್ಬರ ನಡುವೆ ಇದ್ದ ಆ ಗೋಡೆಯನ್ನು ಹೊರಗಿನಿಂದ ಒಮ್ಮೆ, ಒಳಗೆ ಹೋಗಿ ಒಮ್ಮೆ ನೋಡಿ, "ನಿನ್ನ ಗ್ವಾಡಿ ಕಸಗೊಂಡ ಬಂದೆನಲ್ಲವಾ" ಎಂದಳು. ಆಮೇಲೆ ಅಲ್ಲೇ ಕುಳಿತು ಬಹಳ ಹೊತ್ತು ಅತ್ತಳು.

ಹೊಸ ಶೆಡ್ಡಿನ ಸುಪರ್‌ವೈಸರ್ ಅನಂತನನ್ನು ನಾನು ಹೋದಲ್ಲಿ ಬಂದಲ್ಲಿ ಹಿಡಿದು ಕೇಳಿದೆ. ಒಳ್ಳೆಯ ಹುಡುಗ. ಬೇಡ ಎನ್ನಲಾಗದೆ ಆಕೆಯನ್ನು ಕರೆದು, ಒಂದು ವಾರ ಕೆಲಸ ಮಾಡಿಸಿ ನೋಡುತ್ತೇನೆ ಎಂದ. ನಮ್ಮ ಶೆಡ್ಡಿನಲ್ಲಿ ಸುತ್ತಿಗೆ ಇಲ್ಲ. ಅಲಗುಗಳು ಯಂತ್ರದಿಂದ ತಿದ್ದಿಕೊಂಡೇ ಬರುತ್ತವೆ. ಸ್ಕ್ರೂ ಹಾಕಿ, ಕರೆಂಟಿನ ತಿರುಪುಳಿಯಿಂದ ಗೆರೆ ಮುಟ್ಟುವ ತನಕ ಬಿಗಿದು, ಮುಂದಕ್ಕೆ ತಳ್ಳಬೇಕು. ಸಂಕವ್ವ ಪ್ರತಿಯೊಂದನ್ನೂ ತೆರೆದು ಮುಚ್ಚಿ ನೋಡುತ್ತಿದ್ದಳು. ನೋಡಬೇಡಿ ಎಂದರೂ ಕೈ ಕೇಳುತ್ತಿರಲಿಲ್ಲ. ಆಕೆಯ ಮುಂದೆ ಕತ್ತರಿಗಳ ರಾಶಿ ಬೀಳುತ್ತಿತ್ತು, ಅವಳ ಮುಂದಿನ ಹುಡುಗಿ ಸುಮ್ಮನೆ ಕೂರುತ್ತಿದ್ದಳು. ಆಕೆ ಬಿಗಿದ ಕತ್ತರಿಗಳು ಉಳಿದವರು ಬಿಗಿದದ್ದಕ್ಕಿಂತ ಚೆನ್ನಾಗಿಯೂ ಇರಲಿಲ್ಲ, ಕೆಟ್ಟದಾಗಿಯೂ ಇರಲಿಲ್ಲ. ಎಲ್ಲವೂ ಒಂದೇ ಥರ. ಅಲ್ಲಿ ಬೇಕಾದದ್ದೇ ಅದು.

"ನಿಮ್ಮ ಕೈ ಕೆಟ್ಟದ್ದಂತ ಅಲ್ರಿ ಅವ್ವಾರ" ಎಂದ ಅನಂತ, ಶನಿವಾರ. "ಇದು ಬ್ಯಾರೆ ಕೆಲಸ."

"ಹೌದಪಾ" ಎಂದಳು ಸಂಕವ್ವ. "ನನಗೂ ಹಂಗ ಅನ್ನಿಸ್ತು."

ಆ ವಾರ ಪೂರ್ತಿ ಆಕೆಯ ಮನೆ ಬಯಲು ಬಿಟ್ಟು ಕದಲಿರಲಿಲ್ಲ. ಕೆಲಸ ಕೊಡುತ್ತಾರೋ ಇಲ್ಲವೋ ಎಂಬುದು ನಮಗಿಂತ ಮೊದಲು ಮನೆಗಳಿಗೆ ತಿಳಿಯುತ್ತದೆ.

ಮುಂದಿನ ಎರಡು ವರ್ಷ ಸಂಕವ್ವನ ಮನೆ ಊರೆಲ್ಲ ತಿರುಗಿತು. ಬಿಸ್ಕೀಟು ಪ್ಯಾಕಿಂಗಿಗೆ ಸೇರಿದಾಗ ಬಿಸ್ಕೀಟು ಓಣಿ, ಹಬ್ಬದ ಆರ್ಡರು ಮುಗಿದ ಮೇಲೆ ಮತ್ತೆ ಬಯಲು. ಪೈಪಿನ ಕಾರ್ಖಾನೆ, ಬಯಲು. ರಟ್ಟಿನ ಡಬ್ಬಿ, ಬಯಲು. ಎಲ್ಲ ಕಡೆಯೂ ಗುತ್ತಿಗೆಯ ಕೆಲಸ. ಮನೆ ಎಂಬುದು ಇಷ್ಟು ಓಡಾಟಕ್ಕೆ ಕಟ್ಟಿದ್ದಲ್ಲ. ಮೂಲೆಗಳಲ್ಲಿ ಸುಣ್ಣ ಉದುರಿತು, ಬಚ್ಚಲ ಕಲ್ಲು ಸೀಳಿತು, ಹೊಸ್ತಿಲಿಗೂ ನೆಲಕ್ಕೂ ನಡುವೆ ಬೆರಳು ಹೋಗುವಷ್ಟು ಸಂದಿ ಬಿತ್ತು. ಚಂಪಾ ಆಗ ಐಟಿಐ ಓದುತ್ತಿದ್ದಳು. ಸಂಜೆ ಬಸ್ಸಿಳಿದು ಚೌಕದಲ್ಲಿ ನಿಂತು ಅವ್ವನಿಗೆ ಫೋನ್ ಮಾಡುತ್ತಿದ್ದಳು. "ಇವತ್ತೆಲ್ಲಿ ಅದೀವಿ?" ಎಂದು ಕೇಳಿ, ಆ ಕಡೆ ಹೆಜ್ಜೆ ಹಾಕುತ್ತಿದ್ದಳು. ಒಮ್ಮೆ ಫೋನ್ ಹತ್ತದೆ ಇಡೀ ಊರು ಹುಡುಕಿ ಕೊನೆಗೆ ನನ್ನ ಮನೆಗೆ ಬಂದು ಮಲಗಿದಳು. ಅಷ್ಟು ಹೊತ್ತಿಗೆ ನಾನು ಇಟ್ಟಿಗೆಯ ಗೋಡೆ ಕಟ್ಟಿಸಿಕೊಂಡಿದ್ದೆ. ಅವಳು ಹಾಸಿಗೆಯಲ್ಲಿ ಆ ಗೋಡೆಯ ಕಡೆಗೆ ಮುಖ ಮಾಡಿ, "ಇದು ತಣ್ಣಗೈತಿ ಖಾಲಾ, ನಮ್ಮದರಂಗ ಇಲ್ಲ" ಎಂದಳು.

ಕೊನೆಗೆ ಸಂಕವ್ವನಿಗೆ ಗಾರ್ಮೆಂಟಿನಲ್ಲಿ ಕೆಲಸ ಸಿಕ್ಕಿತು. ಹೊಲಿದು ಬಂದ ಅಂಗಿಗಳಿಂದ ನೇತಾಡುವ ದಾರ ಕತ್ತರಿಸುವುದು. ಕೈಯಲ್ಲಿ ಹಿಡಿಯುವುದು ಹಡಗಿನ ಕತ್ತರಿ. ಅಲ್ಲಿ ಬೇಗ ಹೊಂದಿಕೊಂಡಳು. ಒಂದೊಂದನ್ನೂ ತಿರುಗಿಸಿ ನೋಡುವ ಅವಳ ಅಭ್ಯಾಸ ಅಲ್ಲಿ ಉಪಯೋಗಕ್ಕೆ ಬಂತು. ವರ್ಷ ತುಂಬುವುದರೊಳಗೆ ಅಂಗಿ ತಪಾಸಣೆಯ ಮೇಜಿಗೆ ಹಾಕಿದರು, ಕೆಲಸ ಕಾಯಂ ಮಾಡಿದರು. ಮನೆ ಗಾರ್ಮೆಂಟ್ ಓಣಿಯಲ್ಲಿ ನಿಂತಿತು. ಗಲಾಟೆಯ ಓಣಿ. ಎಲ್ಲ ಮನೆಗಳೂ ಒಂದಕ್ಕೊಂದು ಒತ್ತಿಕೊಂಡಿವೆ, ಬೆಳಿಗ್ಗೆ ಸೈರನ್ ಆದರೆ ಹೆಂಗಸರ ಜಾತ್ರೆ. ರಾಚಪ್ಪ ಅಲ್ಲಿ ಮನೆಯ ಮುಂದೆಯೇ ತಿಂಡಿಯ ಗಾಡಿ ಇಟ್ಟ. ತನಗೆ ತಾನೇ ಮಾಲೀಕನಾದ್ದರಿಂದ ಜಗಳಕ್ಕೆ ಜನ ಸಿಗದೆ ಗಾಡಿ ನಡೆಯಿತು.

ಇತ್ತ ನಮ್ಮ ಶೆಡ್ಡು ದೊಡ್ಡದಾಯಿತು. ಐಟಿಐ ಕಲಿತವರು ಬೇಕೆಂದು ಬೋರ್ಡು ಹಾಕಿದರು. ಚಂಪಾ ಅರ್ಜಿ ಹಾಕಿದಳು, ಅನಂತ ಸೇರಿಸಿಕೊಂಡ. ಅವ್ವನಿಗೆ ಆಗದಿದ್ದ ಅದೇ ಜಾಗ, ಅದೇ ತಿರುಪುಳಿ. ಆ ಸುದ್ದಿ ಕೇಳಿದಾಗ ನನಗೆ ಹೊಳೆದದ್ದು ಒಂದೇ ವಿಚಾರ. ನನ್ನ ಮನೆಯ ಪಕ್ಕದ ಜಾಗ ಇನ್ನೂ ಖಾಲಿ ಇತ್ತು. ಸಂಜೆ ಶೆಡ್ಡು ಬಿಡುತ್ತಿದ್ದಂತೆ ಸೀರೆಯನ್ನೂ ಬದಲಾಯಿಸದೆ ಗಾರ್ಮೆಂಟ್ ಓಣಿಗೆ ಹೋದೆ.

"ಕೀಲಿಕೈ ಚಂಪಾಗ ಕೊಡು" ಎಂದೆ, ಕುಳಿತುಕೊಳ್ಳುವ ಮೊದಲೇ. "ಇವತ್ತ ಕೊಡು. ಕೊಟ್ಟ ಕೂಡಲೆ ಮನಿ ನಮ್ಮ ಓಣಿಗೆ ಬಂದು ನಿಂದರತೈತಿ. ನನ್ನ ಮಗ್ಗಲಕ್ಕ."

ಸಂಕವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ನಿನ್ನೆಯಿಂದ ಅದನ್ನ ವಿಚಾರ ಮಾಡಾಕ ಹತ್ತೀನಿ" ಎಂದಳು.

"ವಿಚಾರ ಏನೈತಿ ಇದರಾಗ?"

"ಬ್ಯಾಡ ಅನ್ನಿಸ್ತು."

ನನಗೆ ಕೇಳಿಸಿದ್ದು ಸರಿಯೋ ತಪ್ಪೋ ಎಂದು ಇನ್ನೊಮ್ಮೆ ಕೇಳಿದೆ. ಇನ್ನೊಮ್ಮೆ ಅದನ್ನೇ ಹೇಳಿದಳು. ಈ ಗಲಾಟೆಯ ಓಣಿಯೇ ನಿನಗೆ ಹೆಚ್ಚಾಯಿತೇ, ನಾನು ಯಾರೂ ಅಲ್ಲವೇ ಎಂದೆಲ್ಲ ಅಂದೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಪ್ರೀತಿಯಿಂದ ಮಾಡಿದ ಕೆಲಸದ ಓಣಿ, ಅದಕ್ಕೆ ಹೋಗಲು ದಾರಿ ತೆರೆದರೆ ಬೇಡ ಎನ್ನುವವರುಂಟೇ ಎಂದೆ. ಆಗ ರೊಟ್ಟಿ ಬಿಟ್ಟು, ಕೈಯ ಹಿಟ್ಟು ಝಾಡಿಸಿಕೊಂಡು ನನ್ನ ಎದುರಿಗೆ ಕುಳಿತಳು.

"ಪ್ರೀತಿ ಅಂತ ಯಾರ ಹೇಳಿದರು ನಿನಗ?"

"ನಾ ಕಂಡಿಲ್ಲೇನು?"

"ಹುಸೇನಿ, ನಾ ಸೇರಿದ ಎರಡನೇ ವರ್ಷ ಹೊಲಿಗಿ ಮಷೀನಿನ ಕಾರ್ಖಾನಿಯವರು ಹೆಣಮಕ್ಕಳನ್ನ ಕರದಿದ್ದರು, ನೆನಪೈತಿ? ಕಲಿಸಿ ಕೆಲಸ ಕೊಡತೀವಿ ಅಂದಿದ್ದರು. ನನಗ ಭಾಳ ಆಸೆ ಇತ್ತು. ಮಷೀನು ಬಿಚ್ಚಿ ಜೋಡಸೂದು ಕಲೀಬೇಕಂತ. ಆದರ ಕಲಿಯೋ ಮಟ ಅದು ಕೆಲಸ ಅಲ್ಲ, ಮನಿ ಬಯಲಿಗೆ ಹೊಕ್ಕೈತಿ. ನಮ್ಮತ್ತಿ ಹಾಸಿಗಿ ಹಿಡದಿದ್ದಳು. ಆಗಷ್ಟ ಕೀಲಿಕೈ ನನ್ನ ಸೊಂಟಕ್ಕ ಕಟ್ಟಿದ್ದಳು. ಆ ಮುದುಕಿನ್ನ ಬಯಲಾಗ ಹ್ಯಾಂಗ ಮಲಗಸಲಿ? ಬಿಟ್ಟಬಿಟ್ಟೆ. ಆಮ್ಯಾಲೆ ಚಂಪಾ ಹುಟ್ಟಿದಳು. ಆಮ್ಯಾಲೆ ಇವರು ಎಲ್ಲೂ ನಿಂದರವಲ್ಲರು. ಅಲಗು ಕೂಡಿಸಿಕೋತ ಕೂಡಿಸಿಕೋತ ಅದನ್ನ ಪ್ರೀತಿ ಮಾಡೂದು ಕಲತೆ. ಬ್ಯಾರೆ ಏನ ಮಾಡಲಿ?"

ಹಂಚಿನ ಮೇಲಿದ್ದ ರೊಟ್ಟಿಯನ್ನು ನಾನೇ ತಿರುವಿ ಹಾಕಿದೆ. ಆಕೆ ಮುಂದುವರಿಸಿದಳು.

"ಈ ಹುಡುಗಿ ಇನ್ನೂ ಈಗ ಶುರು ಮಾಡ್ಯಾಳ. ಅದು ಮನಸಿಗೆ ಸೇರತೈತೋ ಇಲ್ಲೋ. ಸೇರಿದರೂ ನಾಳೆ ನಿಮ್ಮ ಶೆಡ್ಡಿನಾಗ ಏನ ಆಗತೈತೋ. ಬಿಡೂ ಹೊತ್ತಿಗೆ ಬಿಡಾಕ ಬರಬೇಕು, ಹಿಡಿಯೂ ಹೊತ್ತಿಗೆ ಹಿಡಿಯಾಕ ಬರಬೇಕು. ಮನಿ ತಲಿ ಮ್ಯಾಲೆ ಇಟ್ಟಕೊಂಡರ ಬರೂದಿಲ್ಲ. ನಾನು, ಅವರಪ್ಪ, ಈ ಮನಿ ಮೂರೂ ಆಕಿ ಕುತ್ತಿಗಿಗೆ ಬ್ಯಾಡ."

"ಮತ್ತ ನಾನು?" ಎಂದೆ. ಹಾಗೆ ಕೇಳಬೇಕೆಂದು ಬಂದವಳಲ್ಲ, ಬಾಯಿಂದ ಬಂದುಬಿಟ್ಟಿತು.

ಸಂಕವ್ವ ನನ್ನ ಕೈ ಹಿಡಿದುಕೊಂಡಳು. "ನಿನ್ನ ಮಗ್ಗಲಕ್ಕ ಇರಬೇಕಂತ ನನಗ ಎಷ್ಟು ಆಸೆ ಐತಿ ಅಂತ ಹೇಳಾಕ ಬರೂದಿಲ್ಲ. ಅದಕ್ಕ ನಿನ್ನೆಯಿಂದ ಉಂಡಿಲ್ಲ."

ಅಷ್ಟು ಹೇಳಿದರೂ ನನ್ನ ಸಿಟ್ಟು ಇಳಿಯಲಿಲ್ಲ. ಎದ್ದು ಬಂದೆ. ತಿಂಗಳುಗಟ್ಟಲೆ ಆ ಕಡೆ ಹೋಗಲಿಲ್ಲ. ಚಂಪಾ ಶೆಡ್ಡಿನಲ್ಲಿ ದಿನಾ ಸಿಗುತ್ತಿದ್ದಳು, ಊಟದ ಡಬ್ಬಿ ನನ್ನ ಜೊತೆಗೇ ಬಿಚ್ಚುತ್ತಿದ್ದಳು. ಅವಳ ಹತ್ತಿರ ನಾನೂ ಆ ಮಾತು ತೆಗೆಯಲಿಲ್ಲ, ಅವಳೂ ತೆಗೆಯಲಿಲ್ಲ. ಅವಳ ಕೈ ಚುರುಕಾಗಿತ್ತು. ಆದರೆ ಮಧ್ಯೆ ಮಧ್ಯೆ ಕತ್ತು ತಿರುಗಿಸಿ ಸಾಣೆಯ ಯಂತ್ರದ ಕಡೆ ನೋಡುತ್ತಿದ್ದಳು. ಅದು ಕೆಟ್ಟು ನಿಂತಾಗ ರಿಪೇರಿಗೆ ಬರುವವರ ಹಿಂದೆ ಹೋಗಿ ನಿಲ್ಲುತ್ತಿದ್ದಳು. ಒಮ್ಮೆ ಅನಂತನನ್ನು ಕೇಳಿಯೇಬಿಟ್ಟಳು, ನನ್ನನ್ನು ಆ ಕಡೆ ಹಾಕಿ ಎಂದು. ನೋಡೋಣ ಎಂದ. ಇನ್ನೊಮ್ಮೆ ಕೇಳಿದಾಗಲೂ ಅದೇ ಮಾತು. ಪಾಲಿಶ್ ಕೋಣೆಯಿಂದ ಬೇರೆ ಕಡೆ ಹಾಕಿ ಎಂದು ನಾನು ಕೇಳಿದಾಗಲೂ ಆ ಹುಡುಗ ಹಾಗೇ ಹೇಳಿದ್ದ. ಆ ಕೋಣೆಯ ಧೂಳಿಗೆ ನನಗೆ ಕೆಮ್ಮು ಹತ್ತಿ ಬಹಳ ಕಾಲವಾಯಿತು. ಕೀಲಿಕೈ ನನ್ನ ಸೊಂಟದಲ್ಲಿತ್ತು, ನಾನು ಎರಡನೇ ಸಲ ಕೇಳಿರಲಿಲ್ಲ.

ರಂಜಾನ್ ಹಬ್ಬ ಬಂತು. ಹಾಲು ಶಾವಿಗೆಯ ಸುರಕುಂಬಾ ಮಾಡಿದಾಗ ಅಭ್ಯಾಸಬಲದಿಂದ ಸಂಕವ್ವನ ಪಾಲು ತೆಗೆದಿಟ್ಟೆ. ತೆಗೆದಿಟ್ಟ ಮೇಲೆ ಚೆಲ್ಲಲಾಗುತ್ತದೆಯೇ? ಹಬ್ಬದ ಮಾರನೆಯ ದಿನ ರಜೆ ಹಾಕಿ, ಡಬ್ಬಿ ಹಿಡಿದು ಗಾರ್ಮೆಂಟ್ ಓಣಿಗೆ ಹೋದೆ. ಅವತ್ತು ಅವರ ಕಾರ್ಖಾನೆಗೆ ವಾರದ ರಜೆ. ರಾಚಪ್ಪ ಗಾಡಿಯ ಹತ್ತಿರದಿಂದಲೇ, "ಲೇ, ನಿನ್ನ ಗ್ವಾಡಿ ಮಾಲಕರು ಬಂದರು" ಎಂದು ಕೂಗಿದ. ಸಂಕವ್ವ ಹೊರಗೆ ಬಂದಳು. ಯಾಕೆ ಇಷ್ಟು ದಿನ ಬರಲಿಲ್ಲ ಎಂದು ಕೇಳಲಿಲ್ಲ. ಡಬ್ಬಿ ಇಸಿದುಕೊಂಡು, "ಕೆಮ್ಮು ಹ್ಯಾಂಗೈತಿ?" ಎಂದಳು. ಒಳಗೆ ಹೋಗಿ ಕುಳಿತೆವು. ಮೂಲೆಗಳಿಗೆ ಸಿಮೆಂಟು ಮೆತ್ತಿಸಿದ್ದಳು, ಹೊಸ್ತಿಲ ಸಂದಿ ಮುಚ್ಚಿಸಿದ್ದಳು. ಹೆಂಗಸರ ಸುದ್ದಿ, ಸೊಪ್ಪಿನ ಸುದ್ದಿ, ಅವರ ಸುದ್ದಿ ಇವರ ಸುದ್ದಿ ಎಲ್ಲ ಆಯಿತು.

ಹೊತ್ತಿಳಿಯುವ ಮೊದಲೇ ಚಂಪಾ ಬಂದಳು. ಶೆಡ್ಡು ಬಿಡುವ ಹೊತ್ತಾಗಿರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದವಳು ನನ್ನನ್ನು ನೋಡಿ ಒಂದು ಗಳಿಗೆ ತಡೆದಳು. ಆಮೇಲೆ, "ಬಿಟ್ಟ ಬಂದೆ, ಅವ್ವಾ" ಎಂದಳು.

"ಏನು?"

"ಕೆಲಸ. ಮಧ್ಯಾಹ್ನ ಹೇಳಿ ಬಂದೆ. ಮೋಟರ್ ವೈಂಡಿಂಗ್ ಕಲಿಸೋ ಕಡೆ ಕೇಳಿದ್ದೆನಲ್ಲ, ಸೋಮವಾರದಿಂದ ಬಾ ಅಂದಾರ. ಮೊದಲು ಮೂರು ತಿಂಗಳು ಬರೇ ಕಲಿಯೂದು."

ಕೆಲಸ ಬಿಟ್ಟೆ ಎಂಬ ಮಾತು ಮನೆಯೊಳಗೆ ಕೇಳಿದರೆ ನಮ್ಮೂರಿನವರ ಕೈ ತಾನಾಗಿ ಏನನ್ನಾದರೂ ಹಿಡಿದುಕೊಳ್ಳುತ್ತದೆ. ನಾನು ಎಡಗೈಯಿಂದ ಗೋಡೆಯನ್ನೂ ಬಲಗೈಯಿಂದ ಸುರಕುಂಬಾದ ಡಬ್ಬಿಯನ್ನೂ ಗಟ್ಟಿಯಾಗಿ ಹಿಡಿದು ಕುಳಿತೆ. ಹೊರಗೆ ರಾಚಪ್ಪನ ಗಾಡಿಯ ಹತ್ತಿರ ಯಾರೋ ಇನ್ನೊಂದು ಪ್ಲೇಟ್ ಮಿರ್ಚಿ ಕೇಳುತ್ತಿದ್ದರು. ಗೂಟದ ಮೇಲಿನ ಅಂಗಿ ಗೂಟದ ಮೇಲೇ ಇತ್ತು. ಬಾಗಿಲಾಚೆ ಅದೇ ಓಣಿ, ಎದುರು ಮನೆಯ ಹುಡುಗಿ ಅದೇ ಕಟ್ಟೆಯ ಮೇಲೆ ಕೂದಲು ಬಾಚಿಕೊಳ್ಳುತ್ತಿದ್ದಳು.

ಸಂಕವ್ವ ಸೊಂಟದ ಕೀಲಿಕೈ ತಟ್ಟಿ ತೋರಿಸಿ, ನನ್ನನ್ನು ನೋಡಿ ನಕ್ಕುಬಿಟ್ಟಳು. "ಕೈ ಬಿಡು ಹುಸೇನಿ. ಎಲ್ಲೂ ಹೋಗೂದಿಲ್ಲ."

ಚಂಪಾ ಕೈಕಾಲು ತೊಳೆದು ಬಂದು ನನ್ನ ಪಕ್ಕದಲ್ಲೇ ಕುಳಿತು, ಡಬ್ಬಿ ತನ್ನ ಕಡೆಗೆ ಎಳೆದುಕೊಂಡಳು. ಹೊಸ ಕಡೆ ಯಾರಿದ್ದಾರೆ, ತಾಮ್ರದ ತಂತಿಯನ್ನು ಹೇಗೆ ಸುತ್ತುತ್ತಾರೆ, ಅಲ್ಲಿ ಇನ್ನೂ ಒಬ್ಬ ಹುಡುಗಿ ಇದ್ದಾಳೆ ಎಂದು ಬಾಯಿ ತುಂಬಿಕೊಂಡೇ ಹೇಳತೊಡಗಿದಳು. ಕಲಿತಾದ ಮೇಲೆ ಅಲ್ಲೇ ಇರುತ್ತಾಳೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಸಂಕವ್ವ ಇನ್ನೊಂದು ಬಟ್ಟಲು ತಂದು ಮಗಳ ಮುಂದಿಟ್ಟು, ಅಷ್ಟೆಲ್ಲ ಕೇಳಿದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿದಳು.

"ಅಲ್ಲಿ ಊಟಕ್ಕ ಎಷ್ಟೊತ್ತಿಗೆ ಬಿಡತಾರ?"